ಥೋರಿಯಂ ಇಂಧನದಲ್ಲಿ ಶಾಖ ಹರಿಯುವ ಬಗೆ

ಭಾರತದ ಥೋರಿಯಂ ಬಗ್ಗೆ ಮಾತು ಬಂದಾಗಲೆಲ್ಲ ಮೊದಲು ಬರುವುದು ತೂಕದ ಲೆಕ್ಕ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರದ ಕಡಲ ಮರಳಿನಲ್ಲಿ ಮೊನಜೈಟ್ ಎಂಬ ಖನಿಜವಿದೆ. ಅದರಲ್ಲಿ ನೂರಕ್ಕೆ 8ರಿಂದ 10 ಪಾಲು ಥೋರಿಯಂ ಆಕ್ಸೈಡ್. ದೇಶದ ಮೊನಜೈಟ್ ಸಂಪತ್ತು 1 ಕೋಟಿ ಟನ್ನಿಗೂ ಹೆಚ್ಚು ಎಂದು ಪರಮಾಣು ಖನಿಜ ಸಮೀಕ್ಷೆಗಳು ಅಂದಾಜಿಸಿವೆ. ಯುರೇನಿಯಂ ವಿಷಯದಲ್ಲಿ ಬಡವರಾದ ನಾವು ಥೋರಿಯಂ ವಿಷಯದಲ್ಲಿ ಸಿರಿವಂತರು ಎಂಬ ಮಾತು ಹೋಮಿ ಭಾಭಾ 1950ರ ದಶಕದಲ್ಲಿ ಮೂರು ಹಂತಗಳ ಯೋಜನೆಯನ್ನು ಮುಂದಿಟ್ಟ ದಿನಗಳಿಂದಲೂ ಕೇಳಿಬರುತ್ತಿದೆ. ಅದು ನಿಜವೇ. ಆದರೆ ಇಂಧನವೊಂದರ ಯೋಗ್ಯತೆ ನೆಲದಡಿ ಎಷ್ಟಿದೆ ಎಂಬುದರಿಂದ ತೀರ್ಮಾನವಾಗುವುದಿಲ್ಲ. ರಿಯಾಕ್ಟರಿನ ಒಳಗೆ ಕುಳಿತ ಮೇಲೆ ಅದು ತನ್ನಲ್ಲಿ ಹುಟ್ಟಿದ ಶಾಖವನ್ನು ಹೇಗೆ ಹೊರಗೆ ಸಾಗಿಸುತ್ತದೆ, ಎಷ್ಟು ಬಿಸಿಯಾಗುತ್ತದೆ, ಬಿಸಿಯಾದಾಗ ತನ್ನ ಗುಣವನ್ನು ಉಳಿಸಿಕೊಳ್ಳುತ್ತದೆಯೇ ಎಂಬುದು ತೂಕಕ್ಕಿಂತ ದೊಡ್ಡ ಪ್ರಶ್ನೆ. ಆ ಪ್ರಶ್ನೆಗೆ ಥೋರಿಯಂ ಕೊಡುವ ಉತ್ತರ ಒಳ್ಳೆಯದೇ. ಆದರೆ ಅದರ ಪರವಾಗಿ ಸಾಮಾನ್ಯವಾಗಿ ಹೇಳುವ ಕಾರಣ ಸರಿಯಾದ ಕಾರಣವಲ್ಲ ಎಂಬುದು ನನ್ನ ವಾದ.

ಸಾಮಾನ್ಯವಾಗಿ ಹೇಳುವ ಕಾರಣ ಕರಗುವ ಬಿಂದು. ಥೋರಿಯಂ ಡೈಆಕ್ಸೈಡ್, ಅಂದರೆ ಥೋರಿಯಾ, ಕರಗಬೇಕಾದರೆ ಸುಮಾರು 3,350 ಡಿಗ್ರಿ ಸೆಲ್ಸಿಯಸ್ ಬೇಕು. ಆಕ್ಸೈಡುಗಳ ಪೈಕಿ ಇಷ್ಟು ತಡೆಯುವಂಥದು ಇನ್ನೊಂದಿಲ್ಲ. ಇಂದಿನ ಹೆಚ್ಚಿನ ರಿಯಾಕ್ಟರುಗಳಲ್ಲಿ ಉರಿಯುವ ಯುರೇನಿಯಂ ಡೈಆಕ್ಸೈಡ್ ಸುಮಾರು 2,850 ಡಿಗ್ರಿಯಲ್ಲೇ ಕರಗುತ್ತದೆ. ಥೋರಿಯಾದ ಈ ತಾಳಿಕೆಯನ್ನು ನಮ್ಮ ಹಿಂದಿನ ತಲೆಮಾರುಗಳು ಪರಮಾಣು ವಿಜ್ಞಾನದ ಹೆಸರು ಕೇಳುವ ಮೊದಲೇ ಬಳಸಿಕೊಂಡಿದ್ದರು. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ಯಕ್ಷಗಾನದ ಬಯಲಾಟದಲ್ಲಿ ರಾತ್ರಿಯಿಡೀ ಉರಿಯುತ್ತಿದ್ದ ಗ್ಯಾಸ್‌ಲೈಟಿನ ಮ್ಯಾಂಟಲ್ ಥೋರಿಯಾದ್ದೇ. ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1890ರ ದಶಕದ ಆರಂಭದಲ್ಲಿ ರೂಪಿಸಿದ ಆ ಮ್ಯಾಂಟಲಿನ ಬಟ್ಟೆಯನ್ನು ಥೋರಿಯಂ ಲವಣದಲ್ಲಿ ಅದ್ದಿರುತ್ತಿದ್ದರು. ಮೊದಲ ಸಲ ಹೊತ್ತಿಸಿದಾಗ ನೂಲು ಸುಟ್ಟುಹೋಗಿ ಬೂದಿಯಂತೆ ಉಳಿಯುತ್ತಿದ್ದ ಬಲೆಯಲ್ಲಿ ನೂರಕ್ಕೆ 99 ಪಾಲು ಥೋರಿಯಾ, ಒಂದು ಪಾಲು ಸೀರಿಯಂ ಆಕ್ಸೈಡ್. ಮುಟ್ಟಿದರೆ ಉದುರುವಷ್ಟು ನಾಜೂಕಾದ ಆ ಬಲೆ ಜ್ವಾಲೆಯ ನಡುವೆ ಗಂಟೆಗಟ್ಟಲೆ ಕರಗದೆ ಬೆಳಗುತ್ತಿತ್ತು.

ಹೀಗಿರುವಾಗ ಥೋರಿಯಂ ಇಂಧನ ಹಾಕಿದರೆ ರಿಯಾಕ್ಟರ್ ಕರಗುವ ಭಯವೇ ಇಲ್ಲ ಎಂದು ಹೇಳುವುದು ಸುಲಭ. ಹಾಗೆ ಹೇಳುವವರೂ ಇದ್ದಾರೆ. ಇದಕ್ಕೆ ಬರುವ ಮೊದಲ ಆಕ್ಷೇಪವೇ ಬಹಳ ಗಟ್ಟಿಯಾದದ್ದು. ರಿಯಾಕ್ಟರಿನಲ್ಲಿ ಇಂಧನ ಒಂಟಿಯಾಗಿ ಇರುವುದಿಲ್ಲ, ಜಿರ್ಕಲಾಯ್ ಎಂಬ ಮಿಶ್ರಲೋಹದ ತೆಳುವಾದ ಕೊಳವೆಯೊಳಗೆ ಇರುತ್ತದೆ. ಆ ಲೋಹ ಸುಮಾರು 1,850 ಡಿಗ್ರಿಯಲ್ಲಿ ಕರಗುತ್ತದೆ. ಅದಕ್ಕೂ ಬಹಳ ಮೊದಲು, 1,200 ಡಿಗ್ರಿ ದಾಟುತ್ತಿದ್ದಂತೆ, ನೀರಾವಿಯೊಡನೆ ಬಿರುಸಾಗಿ ವರ್ತಿಸಿ ಹೈಡ್ರೋಜನ್ ಬಿಡುತ್ತದೆ, ಇನ್ನಷ್ಟು ಶಾಖವನ್ನೂ ಹುಟ್ಟಿಸುತ್ತದೆ. 2011ರಲ್ಲಿ ಫುಕುಶಿಮಾದಲ್ಲಿ ಕಟ್ಟಡಗಳ ಮಾಡು ಹಾರಿಸಿದ್ದು ಆ ಹೈಡ್ರೋಜನ್ನೇ. ಕೊಳವೆ 1,200 ಡಿಗ್ರಿಗೆ ಸೋತ ಮೇಲೆ ಒಳಗಿನ ಬಿಲ್ಲೆ 2,850ಕ್ಕೆ ಕರಗುತ್ತದೋ 3,350ಕ್ಕೆ ಕರಗುತ್ತದೋ ಎಂಬುದರಿಂದ ದೊಡ್ಡ ವ್ಯತ್ಯಾಸವೇನೂ ಆಗದು. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಕರಗುವ ಬಿಂದುವನ್ನೇ ಹಿಡಿದು ಥೋರಿಯಂ ಪರ ವಾದಿಸುವವರು ತಮ್ಮ ಪಕ್ಷವನ್ನು ತಾವೇ ದುರ್ಬಲಗೊಳಿಸಿಕೊಳ್ಳುತ್ತಾರೆ. ಥೋರಿಯಾದ ನಿಜವಾದ ಬಲ ಬೇರೆ ಎರಡು ಗುಣಗಳಲ್ಲಿದೆ. ಒಂದು, ಶಾಖವನ್ನು ಹರಿಯಬಿಡುವ ಶಕ್ತಿ. ಇನ್ನೊಂದು, ಆಮ್ಲಜನಕದ ಮುಂದೆ ಕದಲದೆ ನಿಲ್ಲುವ ಸ್ವಭಾವ.

ಮೊದಲನೆಯದನ್ನು ಅರಿಯಲು ಇಂಧನ ಬಿಲ್ಲೆಯ ಒಳಗೆ ಏನಾಗುತ್ತದೆ ಎಂದು ನೋಡಬೇಕು. ನಮ್ಮ ಕೈಗಾ ಸ್ಥಾವರದ 220 ಮೆಗಾವಾಟ್ ಘಟಕವನ್ನೇ ತೆಗೆದುಕೊಳ್ಳೋಣ. ಅದರಲ್ಲಿ 306 ಅಡ್ಡ ನಾಳಗಳು, ಒಂದೊಂದರಲ್ಲಿ 12 ಬಂಡಲ್‌ಗಳು, ಒಟ್ಟು 3,672. ಪ್ರತಿ ಬಂಡಲ್ ಸುಮಾರು ಅರ್ಧ ಮೀಟರ್ ಉದ್ದ, ಅದರಲ್ಲಿ 19 ಕೊಳವೆಗಳು, ಕೊಳವೆಗಳ ತುಂಬ ಬೆರಳಿನ ಗಾತ್ರದ ಪಿಂಗಾಣಿಯಂಥ ಬಿಲ್ಲೆಗಳು. ಹೊರಗೆ ಹರಿಯುವ ಭಾರಜಲದ ಉಷ್ಣತೆ 300 ಡಿಗ್ರಿಯ ಒಳಗೇ ಇರುತ್ತದೆ. ಆದರೆ ವಿದಳನದಿಂದ ಶಾಖ ಹುಟ್ಟುವುದು ಬಿಲ್ಲೆಯ ಮೈತುಂಬ. ನಡುಮಧ್ಯದಲ್ಲಿ ಹುಟ್ಟಿದ ಶಾಖ ಅಂಚಿಗೆ ಬರಲು ಏಳೆಂಟು ಮಿಲಿಮೀಟರ್ ದಾರಿ ಸವೆಸಬೇಕು. ಪಿಂಗಾಣಿ ಶಾಖಕ್ಕೆ ಕೆಟ್ಟ ದಾರಿ. ಹಾಗಾಗಿ ಈ ಪುಟ್ಟ ಅಂತರದಲ್ಲೇ ಉಷ್ಣತೆ ನೂರಾರು ಡಿಗ್ರಿ, ಕೆಲವೊಮ್ಮೆ ಸಾವಿರ ಡಿಗ್ರಿಯಷ್ಟು ಏರುತ್ತದೆ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಉರುಟಾದ ಬಿಲ್ಲೆಯಲ್ಲಿ ನಡುವಿಗೂ ಅಂಚಿಗೂ ಇರುವ ಉಷ್ಣತೆಯ ಅಂತರ ಬಿಲ್ಲೆಯ ದಪ್ಪವನ್ನು ಅವಲಂಬಿಸುವುದೇ ಇಲ್ಲ. ಕೊಳವೆಯ ಒಂದು ಮೀಟರ್ ಉದ್ದದಲ್ಲಿ ಎಷ್ಟು ಶಾಖ ಹುಟ್ಟುತ್ತದೆ, ವಸ್ತುವಿನ ಉಷ್ಣವಾಹಕತೆ ಎಷ್ಟು ಎಂಬ ಎರಡೇ ಸಂಖ್ಯೆಗಳು ಅದನ್ನು ನಿರ್ಧರಿಸುತ್ತವೆ. ಶಾಖ ಎಷ್ಟು ಬೇಕು ಎಂಬುದನ್ನು ವಿದ್ಯುತ್ತಿನ ಬೇಡಿಕೆ ಹೇಳುತ್ತದೆ. ಎಂಜಿನಿಯರನ ಕೈಗೆ ಉಳಿಯುವುದು ಉಷ್ಣವಾಹಕತೆ ಒಂದೇ.

ಲೋಹಗಳಲ್ಲಿ ಶಾಖವನ್ನು ಹೊತ್ತು ಓಡಾಡಲು ಸ್ವತಂತ್ರ ಎಲೆಕ್ಟ್ರಾನುಗಳಿವೆ. ಥೋರಿಯಾ, ಯುರೇನಿಯಂ ಡೈಆಕ್ಸೈಡ್‌ಗಳಂಥ ಪಿಂಗಾಣಿಗಳಲ್ಲಿ ಅವಿಲ್ಲ. ಅಲ್ಲಿ ಪರಮಾಣುಗಳ ಜೋಡಣೆಯ ಕಂಪನವೇ ಶಾಖವನ್ನು ಸಾಗಿಸಬೇಕು. ಬಾವಿಯಿಂದ ತೋಟದವರೆಗೆ ಸಾಲಾಗಿ ನಿಂತವರು ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ, ಒಂದು ಪರಮಾಣು ತನ್ನ ಅಲುಗಾಟವನ್ನು ಪಕ್ಕದ್ದಕ್ಕೆ ಕೊಡುತ್ತದೆ. ಸಾಲಿನಲ್ಲಿ ಎಲ್ಲರೂ ಒಂದೇ ಎತ್ತರದವರಾಗಿ, ಒಂದೇ ಲಯದಲ್ಲಿ ಕೈ ಚಾಚಿದರೆ ಕೊಡ ಸರಾಗವಾಗಿ ಸಾಗುತ್ತದೆ. ನಡುವೆ ಬೇರೆ ಅಳತೆಯವನೊಬ್ಬ ನಿಂತರೆ ಲಯ ತಪ್ಪುತ್ತದೆ. ಥೋರಿಯಾ ಮತ್ತು ಯುರೇನಿಯಂ ಡೈಆಕ್ಸೈಡ್ ಎರಡರದ್ದೂ ಒಂದೇ ಬಗೆಯ ಸ್ಫಟಿಕ ಜೋಡಣೆ, ಪರಮಾಣುಗಳ ತೂಕವೂ ಹೆಚ್ಚುಕಡಿಮೆ ಒಂದೇ. ಆದರೂ ಕೋಣೆಯ ಉಷ್ಣತೆಯಲ್ಲಿ ಥೋರಿಯಾ ಸ್ಪಷ್ಟವಾಗಿ ಉತ್ತಮ ವಾಹಕ. ಕಾರಣ ಯುರೇನಿಯಂ ಪರಮಾಣುವಿನಲ್ಲಿ ಜೋಡಿಯಿಲ್ಲದೆ ಉಳಿದ ಎರಡು ಎಲೆಕ್ಟ್ರಾನುಗಳು. ಅವು ಹುಟ್ಟಿಸುವ ಕಾಂತೀಯ ಚಡಪಡಿಕೆ ಕಂಪನದ ಅಲೆಗಳನ್ನು ಚದುರಿಸುತ್ತದೆ. ಥೋರಿಯಂ ತನ್ನ ಹೊರಗಿನ ನಾಲ್ಕೂ ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಕೊಟ್ಟು ನಿಶ್ಚಿಂತವಾಗಿರುತ್ತದೆ. ಚದುರಿಸಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ಥೋರಿಯಂನ ಮುಂದಿನ ಗುಣಗಳೆಲ್ಲ, ಒಳ್ಳೆಯವೂ ಕೆಟ್ಟವೂ, ಈ ಒಂದು ನಿಶ್ಚಿಂತೆಯಿಂದಲೇ ಹುಟ್ಟುವಂಥವು.

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಥೋರಿಯಂ ಇಂಧನ ಚಕ್ರದ ಬಗ್ಗೆ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಅಳೆದಿದ್ದಾರೆ. ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಥೋರಿಯಾದ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ 6.2 ವಾಟ್. ಯುರೇನಿಯಂ ಡೈಆಕ್ಸೈಡ್‌ನದ್ದು 4.8. ಆದರೆ 1,500 ಡಿಗ್ರಿಗೆ ಬರುವಷ್ಟರಲ್ಲಿ ಎರಡೂ 2.4ಕ್ಕೆ ಇಳಿದು ಸರಿಸಮವಾಗುತ್ತವೆ. ಥೋರಿಯಂ ಬಗೆಗಿನ ಉತ್ಸಾಹದ ಬರಹಗಳಲ್ಲಿ ಮೊದಲ ಜೋಡಿ ಸಂಖ್ಯೆ ಕಾಣಿಸುತ್ತದೆ, ಎರಡನೆಯದು ಕಾಣಿಸುವುದಿಲ್ಲ. ಉಷ್ಣತೆ ಏರಿದಂತೆ ಕಂಪನಗಳೇ ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಹೆಚ್ಚುವುದರಿಂದ ಸ್ಫಟಿಕದ ಸ್ವಭಾವಭೇದ ಮರೆಯಾಗುತ್ತದೆ. ಅಂದರೆ ಥೋರಿಯಾದ ಮೇಲುಗೈ ಇರುವುದು ಬಿಲ್ಲೆಯ ಹೊರಭಾಗದಲ್ಲಿ, ಎಲ್ಲಿ ತಂಪಿದೆಯೋ ಅಲ್ಲಿ. ಆದರೂ ಅದು ನಡುವಿನ ಉಷ್ಣತೆಯನ್ನು ಇಳಿಸುತ್ತದೆ, ಯಾಕೆಂದರೆ ನಡುವಿನ ಶಾಖ ಹೊರಬರಬೇಕಾದರೆ ಹೊರಭಾಗವನ್ನು ದಾಟಿಯೇ ಬರಬೇಕು. ಮೇಲಿನ ಸಂಖ್ಯೆಗಳನ್ನೇ ಇಟ್ಟುಕೊಂಡು, ನಡುವಣ ಉಷ್ಣತೆಗಳಲ್ಲಿ ಶಾಖದ ತಡೆ ಸಮನಾಗಿ ಏರುತ್ತದೆ ಎಂದು ಭಾವಿಸಿ, ಒಂದು ಸ್ಥೂಲ ಲೆಕ್ಕ ಹಾಕಬಹುದು. ಬಿಲ್ಲೆಯ ಅಂಚು 500 ಡಿಗ್ರಿಯಲ್ಲಿದ್ದು, ಮೀಟರಿಗೆ 40 ಕಿಲೋವಾಟ್ ಶಾಖ ಹುಟ್ಟುತ್ತಿದ್ದರೆ, ಯುರೇನಿಯಂ ಬಿಲ್ಲೆಯ ನಡು ಸುಮಾರು 1,440 ಡಿಗ್ರಿಗೆ ಏರುತ್ತದೆ, ಥೋರಿಯಾ ಬಿಲ್ಲೆಯದ್ದು ಸುಮಾರು 1,290ಕ್ಕೆ. ಅಂತರ 150 ಡಿಗ್ರಿ. ಇದು ಕ್ಷುಲ್ಲಕವಲ್ಲ. ಶೀತಕದ ಕೊಳವೆ ಒಡೆದು ನೀರು ಸೋರಿಹೋದ ಮೊದಲ ಕ್ಷಣಗಳಲ್ಲಿ ಲೋಹದ ಕೊಳವೆಯನ್ನು ಕಾಯಿಸುವುದು ಬಿಲ್ಲೆಯ ಒಡಲಲ್ಲಿ ಆಗಲೇ ಕೂಡಿಟ್ಟಿದ್ದ ಶಾಖ. ಬಿಲ್ಲೆ ತಂಪಾಗಿದ್ದಷ್ಟೂ ಆ ಕೂಡಿಟ್ಟ ಶಾಖ ಕಡಿಮೆ. ಕೊಳವೆ ಮೊದಲು ಸೋಲುತ್ತದೆ ಎಂಬ ಆಕ್ಷೇಪಕ್ಕೆ ಥೋರಿಯಾದ ಸರಿಯಾದ ಉತ್ತರ ಇಲ್ಲಿದೆ. ಕರಗುವ ಬಿಂದುವಿನಿಂದ ಕೊಳವೆಗೆ ಏನೂ ನೆರವಿಲ್ಲ, ಉಷ್ಣವಾಹಕತೆಯಿಂದ ಇದೆ.

ಇಷ್ಟು ಹೇಳಿದ ಕೂಡಲೇ ಎರಡನೆಯ ಆಕ್ಷೇಪವನ್ನು ಎದುರಿಸಬೇಕು. ಅದು ಮೊದಲಿನದಕ್ಕಿಂತ ಆಳವಾದದ್ದು. ಶುದ್ಧ ಥೋರಿಯಾ ಇಂಧನವೇ ಅಲ್ಲ. ಥೋರಿಯಂ 232 ತಾನಾಗಿ ಸರಪಳಿ ಕ್ರಿಯೆ ನಡೆಸಲಾರದು. ಅದು ನ್ಯೂಟ್ರಾನನ್ನು ಹೀರಿ, ಪ್ರೋಟಾಕ್ಟಿನಿಯಂ 233 ಆಗಿ, ಆಮೇಲೆ ಯುರೇನಿಯಂ 233 ಆಗಬೇಕು. ಉರಿಯುವುದು ಆ ಯುರೇನಿಯಂ. ಹಾಗಾಗಿ ಮೊದಲ ಕಿಡಿಗೆ ಥೋರಿಯಾದ ಜೊತೆ ಪ್ಲುಟೋನಿಯಂ ಅಥವಾ ವಿದಳನಯೋಗ್ಯ ಯುರೇನಿಯಂ ಬೆರೆಸಲೇಬೇಕು. ಬೆರೆಸಿದ ಕೂಡಲೇ ಸಾಲಿನಲ್ಲಿ ಬೇರೆ ಅಳತೆಯವರು ಬಂದು ನಿಂತಂತಾಗುತ್ತದೆ. ಥೋರಿಯಂಗಿಂತ ಯುರೇನಿಯಂ, ಪ್ಲುಟೋನಿಯಂ ಅಯಾನುಗಳು ಗಾತ್ರದಲ್ಲಿ ಚಿಕ್ಕವು. ಅವು ಕೂತ ಕಡೆಯಲ್ಲಿ ಸ್ಫಟಿಕ ಕೊಂಚ ಕುಗ್ಗಿ ಸೊಟ್ಟಗಾಗುತ್ತದೆ, ಕಂಪನ ಚದುರುತ್ತದೆ, ಉಷ್ಣವಾಹಕತೆ ಇಳಿಯುತ್ತದೆ. ಈ ಇಳಿಕೆ ಅತಿ ತೀವ್ರವಾಗಿರುವುದೂ ಕಡಿಮೆ ಉಷ್ಣತೆಯಲ್ಲಿ, ಅಂದರೆ ಥೋರಿಯಾಕ್ಕೆ ಮೇಲುಗೈ ಇದ್ದ ಜಾಗದಲ್ಲೇ. ಬೆರಕೆ ನೂರಕ್ಕೆ ಮೂರು ನಾಲ್ಕು ಪಾಲಿದ್ದರೆ ಲಾಭದ ಒಂದು ಭಾಗ ಉಳಿಯುತ್ತದೆ. ಮೂವತ್ತು ನಲವತ್ತು ಪಾಲಿಗೆ ಏರಿದರೆ ಲಾಭ ಅಳಿಸಿಹೋಗಿ, ಮಿಶ್ರಣ ಎರಡು ಶುದ್ಧ ವಸ್ತುಗಳಿಗಿಂತಲೂ ಕೀಳು ವಾಹಕವಾಗಬಹುದು. ಆದ್ದರಿಂದ ಮೇಲೆ ನಾನು ಲೆಕ್ಕ ಹಾಕಿದ 150 ಡಿಗ್ರಿ ಒಂದು ಮೇಲ್ಮಿತಿ. ಯಾವ ರಿಯಾಕ್ಟರಿನಲ್ಲೂ ಅದು ಇಡಿಯಾಗಿ ಸಿಗುವುದಿಲ್ಲ. ಥೋರಿಯಂನ ಶಾಖಗುಣದ ಬಗ್ಗೆ ಯಾರೇ ಮಾತಾಡಿದರೂ ಯಾವ ಬೆರಕೆಯ, ಎಷ್ಟು ಪಾಲಿನ ಇಂಧನ ಎಂದು ಹೇಳದಿದ್ದರೆ ಆ ಮಾತಿಗೆ ಅರ್ಥವಿಲ್ಲ.

ಬೆರಕೆಯ ಪ್ರಮಾಣ ಮಾತ್ರವಲ್ಲ, ಬೆರೆತ ರೀತಿಯೂ ಮುಖ್ಯ. ವಿದಳನಯೋಗ್ಯ ಪರಮಾಣುಗಳು ಒಂದೆಡೆ ಗುಂಪುಗೂಡಿದರೆ ಅಲ್ಲಿ ಶಾಖವೂ ಗುಂಪಾಗಿ ಹುಟ್ಟುತ್ತದೆ. ಕೆನಡಾದ ಚಾಕ್ ರಿವರ್ ಪ್ರಯೋಗಾಲಯಗಳು ದಶಕಗಳ ಕಾಲ ಥೋರಿಯಾ ಬಂಡಲ್‌ಗಳನ್ನು ತಮ್ಮ ಸಂಶೋಧನಾ ರಿಯಾಕ್ಟರಿನಲ್ಲಿ ಉರಿಸಿ ನೋಡಿದವು. ಪುಡಿ ಸರಿಯಾಗಿ ಹದವಾಗದೆ ಕಾಳುಕಾಳಾಗಿ ಉಳಿದ ಬಿಲ್ಲೆಗಳಿಂದ ವಿದಳನದ ಅನಿಲ ಹೆಚ್ಚು ಹೊರಬಿದ್ದರೆ, ಏಕರೂಪವಾಗಿ ಬೆಂದ ಬಿಲ್ಲೆಗಳಿಂದ ಬಹಳ ಕಡಿಮೆ ಹೊರಬಿತ್ತು. ಈ ಅನಿಲದ ಮಾತು ಶಾಖದ ಮಾತೇ. ಜೆನಾನ್, ಕ್ರಿಪ್ಟಾನ್‌ಗಳು ಬಿಲ್ಲೆಯಿಂದ ತಪ್ಪಿಸಿಕೊಂಡು ಬಿಲ್ಲೆಗೂ ಕೊಳವೆಗೂ ನಡುವಿನ ಕಿರುಸಂದಿಯಲ್ಲಿ ಸೇರುತ್ತವೆ. ಅಲ್ಲಿ ಮೊದಲೇ ತುಂಬಿಟ್ಟ ಹೀಲಿಯಂ ಒಳ್ಳೆಯ ಶಾಖವಾಹಕ, ಜೆನಾನ್ ತೀರಾ ಕೆಟ್ಟದ್ದು. ಜೆನಾನ್ ಹೆಚ್ಚಿದಂತೆ ಶಾಖ ಹೊರಹೋಗುವುದು ಕಷ್ಟವಾಗಿ ಬಿಲ್ಲೆ ಇನ್ನಷ್ಟು ಕಾಯುತ್ತದೆ. ಕಾದ ಬಿಲ್ಲೆ ಇನ್ನಷ್ಟು ಅನಿಲ ಬಿಡುತ್ತದೆ. ಥೋರಿಯಾದ ಬಿಗಿಯಾದ ಸ್ಫಟಿಕದಲ್ಲಿ ಅನಿಲದ ಪರಮಾಣುಗಳು ಸರಿದಾಡುವುದು ನಿಧಾನ, ಬಿಲ್ಲೆಯೂ ತುಸು ತಂಪು. ಎರಡೂ ಕೂಡಿ ಈ ವಿಷಚಕ್ರಕ್ಕೆ ತಡೆಯೊಡ್ಡುತ್ತವೆ. ಚೆನ್ನಾಗಿ ಮಾಡಿದ ಥೋರಿಯಾ ಇಂಧನದ ಅತಿ ದೊಡ್ಡ ಲಾಭ ಇದೇ ಎಂದು ನನಗನಿಸುತ್ತದೆ. ಹೊಸ ಬಿಲ್ಲೆಯ ಉಷ್ಣವಾಹಕತೆ ಎಷ್ಟೇ ಇರಲಿ, ವರ್ಷಗಟ್ಟಲೆ ಉರಿದ ಬಿಲ್ಲೆಯೊಳಗೆ ವಿದಳನದ ಚೂರುಗಳು, ಜಾಗ ತಪ್ಪಿದ ಪರಮಾಣುಗಳು, ಸೂಕ್ಷ್ಮ ಗುಳ್ಳೆಗಳು ತುಂಬಿ ಅದನ್ನು ಇಳಿಸಿಯೇ ಇಳಿಸುತ್ತವೆ. ಇಂಧನದ ಬೆಲೆ ತಿಳಿಯುವುದು ಆ ಇಳಿವಯಸ್ಸಿನಲ್ಲಿ.

ಎರಡನೆಯ ಗುಣ ಆಮ್ಲಜನಕದ ಸಂಗತಿ. ಯುರೇನಿಯಂ ನಾಲ್ಕು ಎಲೆಕ್ಟ್ರಾನು ಕೊಟ್ಟ ಮೇಲೂ ಇನ್ನೆರಡನ್ನು ಕೊಡಬಲ್ಲದು. ಆದ್ದರಿಂದ ಯುರೇನಿಯಂ ಡೈಆಕ್ಸೈಡ್‌ಗೆ ಗಾಳಿ ತಗುಲಿ ಮುನ್ನೂರು ನಾಲ್ಕುನೂರು ಡಿಗ್ರಿ ಬಿಸಿಯಾದರೆ ಅದು ಇನ್ನಷ್ಟು ಆಮ್ಲಜನಕ ನುಂಗಿ ಬೇರೊಂದು ಆಕ್ಸೈಡ್ ಆಗುತ್ತದೆ. ಮೂರನೇ ಒಂದು ಪಾಲಿಗಿಂತ ಹೆಚ್ಚು ಉಬ್ಬಿ ಪುಡಿಪುಡಿಯಾಗುತ್ತದೆ. ಕೊಳವೆಯಲ್ಲಿ ಸಣ್ಣ ಬಿರುಕು ಬಿಟ್ಟು ನೀರಾವಿ ಒಳಹೊಕ್ಕರೂ ಸಾಕು, ಹೆಚ್ಚುವರಿ ಆಮ್ಲಜನಕ ಸ್ಫಟಿಕದಲ್ಲಿ ಸೇರಿಕೊಂಡು ಉಷ್ಣವಾಹಕತೆಯನ್ನು ತಗ್ಗಿಸುತ್ತದೆ. ಅಂದರೆ ಅಪಘಾತದ ಹೊತ್ತಿನಲ್ಲಿ, ಶಾಖ ಹರಿಯುವುದು ಅತಿ ಅಗತ್ಯವಾದಾಗಲೇ, ಯುರೇನಿಯಂ ಇಂಧನ ಕೈಕೊಡುತ್ತದೆ. ಥೋರಿಯಂಗೆ ಕೊಡಲು ಐದನೆಯ ಎಲೆಕ್ಟ್ರಾನಿಲ್ಲ. ಥೋರಿಯಾ ಗಾಳಿಯಲ್ಲಿ ಎಷ್ಟೇ ಕಾದರೂ ಥೋರಿಯಾವೇ. ಬಿರುಕು ಬಿಟ್ಟ ಕೊಳವೆಯೊಳಗೂ ಅದರ ಮೈ ಕೆಡುವುದಿಲ್ಲ, ಬಳಸಿದ ಇಂಧನವನ್ನು ನೂರಾರು ವರ್ಷ ಕಾಪಿಡಬೇಕಾದಾಗಲೂ ಅದು ನೀರಿಗೆ ಕರಗಿ ಹರಿಯುವ ಭಯ ಕಡಿಮೆ. ಇದಕ್ಕೂ ಒಂದು ಮರುಮುಖವಿದೆ. ಲೋಹದ ಪರಮಾಣು ಒಡೆದಾಗ ಅದು ಹಿಡಿದಿದ್ದ ಆಮ್ಲಜನಕ ಬಿಡುಗಡೆಯಾಗುತ್ತದೆ. ಯುರೇನಿಯಂ ಇಂಧನದಲ್ಲಿ ಪಕ್ಕದ ಯುರೇನಿಯಂ ಅದನ್ನು ಒಂದಿಷ್ಟು ಹೀರಿಕೊಳ್ಳುತ್ತದೆ. ಥೋರಿಯಂ ಹೀರಿಕೊಳ್ಳುವುದಿಲ್ಲ. ಆ ಆಮ್ಲಜನಕ ಮಾಲಿಬ್ಡಿನಂನಂಥ ವಿದಳನದ ಚೂರುಗಳ ಜೊತೆ, ಇಲ್ಲವೇ ಕೊಳವೆಯ ಒಳಮೈಯ ಜೊತೆ ಸೇರಬೇಕು. ಹೆಚ್ಚು ಕಾಲ ಉರಿಸುವ ಇಂಧನದಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಶಾಖದ ಮುಂದೆ ಇಷ್ಟು ಗಟ್ಟಿಯಾದ ವಸ್ತು ಕುಲುಮೆಯ ಮುಂದೆಯೂ ಗಟ್ಟಿಯೇ. ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ ಬೇಯಿಸಿ ಗಟ್ಟಿಗೊಳಿಸಲು ಯುರೇನಿಯಂಗಿಂತ ಹೆಚ್ಚಿನ ಉಷ್ಣತೆ ಬೇಕು. ಮೆಗ್ನೀಸಿಯಂ, ಕ್ಯಾಲ್ಸಿಯಂ, ನಯೋಬಿಯಂ ಆಕ್ಸೈಡುಗಳನ್ನು ಚಿಟಿಕೆಯಷ್ಟು ಸೇರಿಸಿ ಆ ಉಷ್ಣತೆಯನ್ನು ಇಳಿಸುವ ವಿಧಾನವನ್ನು ಟ್ರಾಂಬೆಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದವರು ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ. ಆದರೆ ಸೇರಿಸಿದ ಪ್ರತಿ ಚಿಟಿಕೆಯೂ ಸ್ಫಟಿಕದಲ್ಲಿ ಪರಕೀಯ, ಅದರಿಂದ ಉಷ್ಣವಾಹಕತೆಗೆ ಒಂದಿಷ್ಟು ಪೆಟ್ಟು ಬೀಳುತ್ತದೆ. ಉರಿದ ಇಂಧನದಿಂದ ಯುರೇನಿಯಂ 233 ಬೇರ್ಪಡಿಸಲು ಥೋರಿಯಾವನ್ನು ಆಮ್ಲದಲ್ಲಿ ಕರಗಿಸಬೇಕು. ನೈಟ್ರಿಕ್ ಆಮ್ಲವೊಂದಕ್ಕೇ ಅದು ಜಗ್ಗುವುದಿಲ್ಲ, ಫ್ಲೋರೈಡ್ ಬೆರೆಸಬೇಕು. ಫ್ಲೋರೈಡ್ ಉಕ್ಕಿನ ಪಾತ್ರೆಯನ್ನೇ ತಿನ್ನುತ್ತದೆ, ಅದನ್ನು ಹತೋಟಿಯಲ್ಲಿಡಲು ಅಲ್ಯೂಮಿನಿಯಂ ನೈಟ್ರೇಟ್ ಹಾಕಬೇಕು. ಜೊತೆಗೆ ಯುರೇನಿಯಂ 232 ಬೆನ್ನಿಗಂಟಿಕೊಂಡು ಬರುತ್ತದೆ. ಅದರ ಸಂತತಿಯಾದ ಥ್ಯಾಲಿಯಂ 208 ಸೂಸುವ 2.6 ಮೆಗಾ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಕಿರಣಕ್ಕೆ ದಪ್ಪ ಗೋಡೆ ಬೇಕು, ಕೆಲಸವನ್ನೆಲ್ಲ ದೂರನಿಯಂತ್ರಣದಲ್ಲಿ ಮಾಡಬೇಕು. ಗುಣ ಬೇಕು ಎನ್ನುವವರು ಈ ಖರ್ಚನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಶಾಖ ಹರಿಯುವುದರ ಜೊತೆಗೆ ಶಾಖ ಹುಟ್ಟುವುದರಲ್ಲೂ ಥೋರಿಯಂ ಬೇರೆಯೇ. ರಿಯಾಕ್ಟರ್ ನಿಲ್ಲಿಸಿದ ಮೇಲೂ ವಿಕಿರಣಶೀಲ ಕ್ಷಯದಿಂದ ಶಾಖ ಬರುತ್ತಲೇ ಇರುತ್ತದೆ. ಯುರೇನಿಯಂ ಇಂಧನದಲ್ಲಿ ನೆಪ್ಚೂನಿಯಂ 239 ಎರಡೂವರೆ ದಿನದೊಳಗೆ ಅರ್ಧಕ್ಕಿಳಿಯುತ್ತದೆ. ಥೋರಿಯಂ ಇಂಧನದಲ್ಲಿ ಅದರ ಜಾಗದಲ್ಲಿರುವ ಪ್ರೋಟಾಕ್ಟಿನಿಯಂ 233ಕ್ಕೆ ಅರ್ಧವಾಗಲು 27 ದಿನ ಬೇಕು. ಹಾಗಾಗಿ ನಿಲ್ಲಿಸಿದ ಮೇಲಿನ ವಾರಗಳಲ್ಲಿ ಇಂಧನವನ್ನು ಎಷ್ಟು ತಂಪಾಗಿಡಬೇಕು ಎಂಬ ಲೆಕ್ಕವನ್ನು ಯುರೇನಿಯಂ ಪಟ್ಟಿಯಿಂದ ನಕಲು ಮಾಡುವಂತಿಲ್ಲ.

ಇಂಥ ಲೆಕ್ಕಗಳಿಗೆ ಬೇಕಾದ ಅಳತೆಗಳು ಎಷ್ಟು ಕಷ್ಟದವು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಪ್ಲುಟೋನಿಯಂ ಡೈಆಕ್ಸೈಡ್ ಸುಮಾರು 2,400 ಡಿಗ್ರಿಯಲ್ಲಿ ಕರಗುತ್ತದೆ ಎಂದು ದಶಕಗಳ ಕಾಲ ಪಟ್ಟಿಗಳಲ್ಲಿ ಬರೆದಿತ್ತು. ಆ ಉಷ್ಣತೆಯಲ್ಲಿ ಮಾದರಿಯನ್ನು ಹಿಡಿದಿಡುವ ಟಂಗ್‌ಸ್ಟನ್ ಪಾತ್ರೆಯೇ ಮಾದರಿಯೊಡನೆ ವರ್ತಿಸಿ ಅಳತೆಯನ್ನು ಕೆಡಿಸುತ್ತಿತ್ತು. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿರುವ ಯುರೋಪಿಯನ್ ಸಂಶೋಧನಾ ಕೇಂದ್ರದವರು ಲೇಸರ್ ಹೊಡೆತದಿಂದ ಕ್ಷಣಮಾತ್ರ ಮೇಲ್ಮೈಯನ್ನಷ್ಟೇ ಕರಗಿಸಿ, ಮಾದರಿಯನ್ನೇ ಮಾದರಿಯ ಪಾತ್ರೆಯಾಗಿಸಿ ಅಳೆದಾಗ, 2011ರ ಹೊತ್ತಿಗೆ ಆ ಸಂಖ್ಯೆ ಸುಮಾರು 2,740 ಡಿಗ್ರಿಗೆ ಏರಿತು. ಮುನ್ನೂರು ಡಿಗ್ರಿಗೂ ಮಿಕ್ಕ ತಿದ್ದುಪಡಿ! ಪ್ಲುಟೋನಿಯಂ ಬೆರೆತ ಥೋರಿಯಾದ ಸುರಕ್ಷತೆಯ ಲೆಕ್ಕವೂ ಇಂಥ ಸಂಖ್ಯೆಗಳ ಮೇಲೆಯೇ ನಿಂತಿದೆ. ಉಷ್ಣವಾಹಕತೆ ಅಳೆಯಲು ಬಿಲ್ಲೆಯ ತೆಳು ಹೋಳೊಂದರ ಒಂದು ಮೈಗೆ ಲೇಸರ್ ಮಿಂಚು ಹಾಯಿಸಿ, ಇನ್ನೊಂದು ಮೈ ಎಷ್ಟು ಬೇಗ ಬಿಸಿಯಾಗುತ್ತದೆ ಎಂದು ನೋಡುತ್ತಾರೆ. ತಾಜಾ ಬಿಲ್ಲೆಗೆ ಇದು ಪ್ರಯೋಗಾಲಯದ ದಿನನಿತ್ಯದ ಕೆಲಸ. ರಿಯಾಕ್ಟರಿನಲ್ಲಿ ಉರಿದು ಬಂದ, ಮುಟ್ಟಲಾಗದಷ್ಟು ವಿಕಿರಣ ಸೂಸುವ ಬಿಲ್ಲೆಗೆ ಗಾಜಿನ ಗೋಡೆಯಾಚೆ ಯಂತ್ರದ ಕೈಗಳಿಂದ ಮಾಡಬೇಕು. ಯುರೇನಿಯಂ ಡೈಆಕ್ಸೈಡ್‌ಗೆ ಜಗತ್ತಿನ ನೂರಾರು ರಿಯಾಕ್ಟರುಗಳ ಅನುಭವ ಬೆನ್ನಿಗಿದೆ. ಥೋರಿಯಾದ ಅನುಭವ ಅದರ ಒಂದು ಸಣ್ಣ ಪಾಲು.

ಸಣ್ಣದಾದರೂ ಅದು ಶೂನ್ಯವಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಶಿಪ್ಪಿಂಗ್‌ಪೋರ್ಟ್ ಸ್ಥಾವರ 1977ರಿಂದ 1982ರವರೆಗೆ ಥೋರಿಯಾ ಮತ್ತು ಯುರೇನಿಯಂ 233ರ ಬಿಲ್ಲೆಗಳಿಂದ ವಿದ್ಯುತ್ ತಯಾರಿಸಿತು. ಕೊನೆಯಲ್ಲಿ ಇಂಧನವನ್ನು ಹೊರತೆಗೆದು ಅಳೆದಾಗ ಮೊದಲಿಗಿಂತ ಶೇಕಡ 1.4ರಷ್ಟು ಹೆಚ್ಚು ವಿದಳನಯೋಗ್ಯ ವಸ್ತು ಅದರಲ್ಲಿತ್ತು. ನಮ್ಮಲ್ಲಿ ಕಲ್ಪಾಕ್ಕಂನ ಕಾಮಿನಿ ಎಂಬ 30 ಕಿಲೋವಾಟಿನ ಪುಟ್ಟ ಸಂಶೋಧನಾ ರಿಯಾಕ್ಟರ್ 1996ರಿಂದ ಯುರೇನಿಯಂ 233ರಲ್ಲೇ ನಡೆದಿದೆ. ಹೊಸ ಭಾರಜಲ ರಿಯಾಕ್ಟರ್ ಶುರುವಾಗುವಾಗ ನಡುಭಾಗದಲ್ಲಿ ನ್ಯೂಟ್ರಾನುಗಳ ದಟ್ಟಣೆ ಹೆಚ್ಚಿ ಅಲ್ಲಿನ ಇಂಧನ ಅತಿಯಾಗಿ ಕಾಯದಿರಲೆಂದು ಕೆಲವು ಥೋರಿಯಾ ಬಂಡಲ್‌ಗಳನ್ನು ಇಡುವ ಕ್ರಮವನ್ನು ಭಾರತ ಬಳಕೆಗೆ ತಂದಿತು. ಗುಜರಾತಿನ ಕಾಕ್ರಾಪಾರದ ಮೊದಲ ಘಟಕದಲ್ಲಿ ಇಂಥ 35 ಬಂಡಲ್‌ಗಳಿದ್ದವು. ಉತ್ತರ ಕನ್ನಡದ ಕೈಗಾದ ಮೊದಲೆರಡು ಘಟಕಗಳಲ್ಲೂ ಥೋರಿಯಾ ಬಂಡಲ್‌ಗಳು ಕೂತಿದ್ದವು. ಕಾಳಿ ನದಿಯ ದಂಡೆಯಲ್ಲಿ ಥೋರಿಯಂ ಉರಿದಿದೆ ಎಂಬುದು ಕರ್ನಾಟಕದಲ್ಲಿ ಬಹಳ ಜನರಿಗೆ ತಿಳಿಯದ ಸಂಗತಿ. ಥೋರಿಯಂಗಾಗಿಯೇ ಟ್ರಾಂಬೆಯಲ್ಲಿ ವಿನ್ಯಾಸಗೊಂಡ 300 ಮೆಗಾವಾಟಿನ ಸುಧಾರಿತ ಭಾರಜಲ ರಿಯಾಕ್ಟರ್ ಮಾತ್ರ ಇನ್ನೂ ಕಾಗದದಿಂದ ಕಾಂಕ್ರೀಟಿಗೆ ಇಳಿದಿಲ್ಲ.

ಇಲ್ಲಿ ಮೂರನೆಯ ಆಕ್ಷೇಪ ಬರುತ್ತದೆ, ಅದೂ ನಮ್ಮ ಕಾರ್ಯಕ್ರಮದ ಒಳಗಿನಿಂದಲೇ. ಭಾಭಾ ಯೋಜನೆಯಲ್ಲಿ ಥೋರಿಯಂ ಮೂರನೆಯ ಹಂತ. ನಮ್ಮಲ್ಲಿರುವ ಅಷ್ಟಿಷ್ಟು ಪ್ಲುಟೋನಿಯಂ ಮೊದಲು ಎರಡನೆಯ ಹಂತದ ವೇಗದ ರಿಯಾಕ್ಟರುಗಳಿಗೆ ಹೋಗಬೇಕು, ಅಲ್ಲಿ ಅದು ಬೆಳೆಯಬೇಕು, ಆಮೇಲೆ ಥೋರಿಯಂ. ಈಗಲೇ ಥೋರಿಯಾ ಜೊತೆ ಬೆರೆಸಿ ಉರಿಸಿದರೆ ಬಿತ್ತನೆ ಬೀಜವನ್ನೇ ತಿಂದಂತೆ ಎನ್ನುತ್ತಾರೆ. ವಿದ್ಯುತ್ ಉತ್ಪಾದನೆಯ ಮಟ್ಟದಲ್ಲಿ ಈ ಮಾತು ಸರಿ. ಆದರೆ ನಾನು ಕೇಳುತ್ತಿರುವುದು ವಿದ್ಯುತ್ತನ್ನಲ್ಲ, ಅಳತೆಯನ್ನು. ಕೆಲವೇ ಬಂಡಲ್‌ಗಳಿಗೆ ಬೇಕಾಗುವ ಪ್ಲುಟೋನಿಯಂ ಎರಡನೆಯ ಹಂತವನ್ನು ತಡಮಾಡುವಷ್ಟಿಲ್ಲ. ಒಂದು ಬೆರಕೆಯನ್ನು ರಿಯಾಕ್ಟರಿನಲ್ಲಿ ವರ್ಷಗಟ್ಟಲೆ ಉರಿಸಿ, ತಣಿಸಿ, ಕತ್ತರಿಸಿ, ಅಳೆಯಲು ಒಂದು ದಶಕವೇ ಹಿಡಿಯುತ್ತದೆ. ಮೂರನೆಯ ಹಂತ ಬಾಗಿಲಿಗೆ ಬಂದ ಮೇಲೆ ಇದನ್ನು ಶುರುಮಾಡಿದರೆ ಇನ್ನೊಂದು ತಲೆಮಾರು ಕಾಯಬೇಕಾಗುತ್ತದೆ.

ಘನ ಬಿಲ್ಲೆಯ ಗೊಡವೆಯೇ ಏಕೆ, ಥೋರಿಯಂ ಅನ್ನು ಕರಗಿದ ಉಪ್ಪಿನಲ್ಲಿ ಬೆರೆಸಿ ಹರಿಸಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಚೀನಾ ಗಾನ್ಸು ಪ್ರಾಂತ್ಯದ ವೂವೆಯಲ್ಲಿ 2 ಮೆಗಾವಾಟ್ ಶಾಖದ ಅಂಥ ಪ್ರಾಯೋಗಿಕ ರಿಯಾಕ್ಟರನ್ನು 2023ರಲ್ಲಿ ಚಾಲೂ ಮಾಡಿದೆ. ಇಂಧನವೇ ದ್ರವವಾದಾಗ ಬಿಲ್ಲೆಯ ನಡುವಿನ ಉಷ್ಣತೆ ಎಂಬ ಪ್ರಶ್ನೆಯೇ ಇಲ್ಲವಾಗುತ್ತದೆ, ನಿಜ. ಆದರೆ ಬಿಸಿ ಉಪ್ಪು ಲೋಹವನ್ನು ತಿನ್ನುವ ಪ್ರಶ್ನೆ ಅದರ ಜಾಗಕ್ಕೆ ಬರುತ್ತದೆ. ಭಾರತದ ಬಳಿ ಈಗ ಇರುವುದು ಭಾರಜಲ ರಿಯಾಕ್ಟರುಗಳ ಒಂದು ಸಾಲು, ಅವುಗಳಿಗೆ ಬಿಲ್ಲೆ ಮಾಡುವ ಹೈದರಾಬಾದಿನ ಕಾರ್ಖಾನೆ, ಅವುಗಳನ್ನು ನಡೆಸಿ ಪಳಗಿದ ಜನ. ಥೋರಿಯಂ ನಮ್ಮಲ್ಲಿ ಮೊದಲು ಬರುವುದಾದರೆ ಆ ನಾಳಗಳೊಳಗೆ, ಬಿಲ್ಲೆಯ ರೂಪದಲ್ಲೇ ಬರಬೇಕು.

ಥೋರಿಯಾ ಯುರೇನಿಯಂ ಡೈಆಕ್ಸೈಡ್‌ಗಿಂತ ಒಳ್ಳೆಯ ಇಂಧನ ವಸ್ತು ಎಂದು ನಾನು ನಂಬುತ್ತೇನೆ. ಅದಕ್ಕೆ ನನ್ನ ಆಧಾರ ಕಡಲ ಮರಳಿನ ಟನ್ನುಗಳೂ ಅಲ್ಲ, 3,350 ಡಿಗ್ರಿಯೂ ಅಲ್ಲ. ಕಡಿಮೆ ಬೆರಕೆಯಲ್ಲಿ ಅದು ತುಸು ತಂಪಾಗಿ ನಡೆಯುತ್ತದೆ, ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮ್ಲಜನಕಕ್ಕೆ ಮಣಿಯುವುದಿಲ್ಲ ಎಂಬುದು ನನ್ನ ಆಧಾರ. ಇನ್ನು ಮುಂದೆ ಯಾರಾದರೂ ನಿಮ್ಮ ಮುಂದೆ ಥೋರಿಯಂ ನಮಗೆ ಇಷ್ಟು ನೂರು ವರ್ಷ ಸಾಕು ಎಂದರೆ, ದಯವಿಟ್ಟು ಮೂರು ಪ್ರಶ್ನೆ ಕೇಳಿ: ಯಾವ ಬೆರಕೆ, ಎಷ್ಟು ಕಾಲ ಉರಿದದ್ದು, ಉರಿದ ಮೇಲೆ ಅದರ ಉಷ್ಣವಾಹಕತೆ ಎಷ್ಟು ಉಳಿದಿತ್ತು?